ಮುಳ್ಳಿಗೂ ಬೊಜ್ಜಿಗೂ ಏನು ಸಂಬಂಧ? ಮೆಚ್ನಿಕಾಫ್ ಕಥೆ

ಕೊತ್ತಗೆರೆಯ ಹೊಲದಲ್ಲಿ ಕಾಲಿಗೆ ಜಾಲಿ ಮುಳ್ಳು ಚುಚ್ಚಿದರೆ ಆ ಜಾಗ ಕೆಂಪಾಗಿ ಊದಿಕೊಳ್ಳುತ್ತದೆ. ಇದೇ ಉರಿಯೂತ. ಇದು ದೇಹದ ಕಾವಲು ಕೆಲಸ ಎಂದು ತೋರಿಸಿದವರು ಇಲ್ಯಾ ಮೆಚ್ನಿಕಾಫ್.

1845ರಲ್ಲಿ ಇಂದಿನ ಉಕ್ರೇನಿನಲ್ಲಿ ಹುಟ್ಟಿದ ಅವರು, 1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿ ನಕ್ಷತ್ರಮೀನಿನ ಮರಿಗೆ ಮುಳ್ಳು ಚುಚ್ಚಿಟ್ಟರು. ಬೆಳಗಾಗುವಷ್ಟರಲ್ಲಿ ಜೀವಕೋಶಗಳು ಮುಳ್ಳನ್ನು ಮುತ್ತಿಕೊಂಡಿದ್ದವು. ಹಲವು ವಿಜ್ಞಾನಿಗಳು ಒಪ್ಪಲಿಲ್ಲ, ಅವರು ಬಿಡಲಿಲ್ಲ. 1908ರಲ್ಲಿ ನೊಬೆಲ್ ಬಂತು, 1916ರಲ್ಲಿ ತೀರಿಕೊಂಡರು.

ಅವರು ಮ್ಯಾಕ್ರೋಫೇಜ್ ಎಂದು ಕರೆದ ಕಾವಲು ಕೋಶಗಳು ನಮ್ಮ ಕೊಬ್ಬಿನಲ್ಲೂ ಇವೆ. ಬೊಜ್ಜು ಬೆಳೆದಂತೆ ಅವು ಅಲ್ಲಿ ಗುಂಪುಗೂಡುತ್ತವೆ ಎಂದು 2003ರಲ್ಲಿ ತಿಳಿಯಿತು. ಮುಳ್ಳು ತೆಗೆದರೆ ಊತ ಇಳಿಯುತ್ತದೆ. ಬೊಜ್ಜಿನ ಉರಿಯೂತ ನೋವೇ ಇಲ್ಲದೆ ವರ್ಷಗಟ್ಟಲೆ ಹೊಗೆಯಾಡಿ, ಸಕ್ಕರೆ ಕಾಯಿಲೆಗೆ ದಾರಿ ಮಾಡುತ್ತದೆ.

ಹಾಗೆಂದು ಕೊಬ್ಬು ಶತ್ರುವಲ್ಲ. ತೀರಾ ಸೊರಗಿದರೂ ರೋಗನಿರೋಧಕ ಶಕ್ತಿ ಕುಗ್ಗುತ್ತದೆ. ನಾವು ಹೇಳುವುದಿಷ್ಟೇ: ಕೊಬ್ಬು ಕರಗಿಸುವ ಕಷಾಯದ ಫಾರ್ವರ್ಡ್ ಕಳಿಸುವ ಮೊದಲು ನಿಮ್ಮ ಸೊಂಟದ ಸುತ್ತಳತೆ ನೋಡಿಕೊಳ್ಳಿ.