ತರುಣ ಗುರು ಡಿರೋಜಿಯೋ

ಗುರುವಿನ ಹಿರಿಮೆಯನ್ನು ಅವನ ವಯಸ್ಸಿನಿಂದ ಅಳೆಯಲಾಗದು. ಅವನ ಕೈಯಲ್ಲಿ ಬೆಳೆದ ಶಿಷ್ಯರಿಂದ ಅಳೆಯಬೇಕು. ಕೇವಲ ಇಪ್ಪತ್ತೆರಡು ವರುಷ ಎಂಟು ತಿಂಗಳು ಬದುಕಿ, ಅದರಲ್ಲಿಯೂ ಐದು ವರುಷಗಳ ಕಾಲ ಮಾತ್ರ ಹುಡುಗರಿಗೆ ಇಂಗ್ಲಿಷ್ ಓದುಬರಹವನ್ನು ಕಲಿಸಿ, ಒಂದು ನಾಡಿನ ವಿಚಾರದ ಹೊಳೆಯನ್ನೇ ಹೊಸ ಪಾತ್ರದಲ್ಲಿ ಹರಿಯಿಸಿದ ಅಧ್ಯಾಪಕರೊಬ್ಬರು ಕಲಕತ್ತೆಯಲ್ಲಿ ಆಗಿಹೋದರು. ಅವರೇ ಹೆನ್ರಿ ಲೂಯಿ ವಿವಿಯನ್ ಡಿರೋಜಿಯೋ. ಅನ್ನದಾಸೋಹದೊಡನೆ ಜ್ಞಾನದಾಸೋಹವನ್ನೂ ವ್ರತವೆಂದು ಬಗೆವ ಭಕ್ತವೃಂದಕ್ಕೆ ಈ ತರುಣನ ಚರಿತ್ರೆಯು ಮನನಯೋಗ್ಯವಾದುದು.

ಡಿರೋಜಿಯೋ ಅವರು ೧೮೦೯ನೆಯ ಇಸವಿ ಏಪ್ರಿಲ್ ೧೮ರಂದು ಕಲಕತ್ತೆಯಲ್ಲಿ ಜನಿಸಿದರು. ಅವರ ತಂದೆಯ ವಂಶವು ಪೋರ್ತುಗೀಜ ಮೂಲದ್ದು. ಆಳುವ ಆಂಗ್ಲರು ಇಂತಹ ಮಿಶ್ರಕುಲದವರನ್ನು ತಮ್ಮವರೆಂದು ಎಣಿಸುತ್ತಿರಲಿಲ್ಲ. ನಾಡಿನವರೂ ಅವರನ್ನು ಹೊರಗಿನವರೆಂದೇ ಕಾಣುತ್ತಿದ್ದರು. ಹೀಗಿದ್ದರೂ ಈ ಬಾಲಕನು ಭಾರತಭೂಮಿಯನ್ನೇ ತನ್ನ ತಾಯ್ನಾಡೆಂದು ಭಾವಿಸಿ ಬೆಳೆದನು. ಡೇವಿಡ್ ಡ್ರಮಂಡ್ ಎಂಬ ಸ್ಕಾಟಿಷ್ ಪಂಡಿತರು ಧರ್ಮತಲದಲ್ಲಿ ಒಂದು ಪಾಠಶಾಲೆಯನ್ನು ನಡೆಯಿಸುತ್ತಿದ್ದರು. ಕಾವ್ಯದಲ್ಲಿ ರುಚಿಯನ್ನೂ ಯಾವುದನ್ನೂ ಪರೀಕ್ಷಿಸದೆ ಒಪ್ಪದಿರುವ ಬುದ್ಧಿಯನ್ನೂ ಅವರು ಈ ಹುಡುಗನಲ್ಲಿ ಬಿತ್ತಿದರು. ಹದಿನಾಲ್ಕನೆಯ ವಯಸ್ಸಿಗೆ ಶಾಲೆ ಮುಗಿಯಿತು. ಬಳಿಕ ಕೆಲವು ಕಾಲ ವ್ಯಾಪಾರದ ಕಚೇರಿಯಲ್ಲಿ ಗುಮಾಸ್ತೆಯ ಕೆಲಸ. ಅನಂತರ ಭಾಗಲ್ಪುರದಲ್ಲಿದ್ದ ಬಂಧುಗಳ ನೀಲಿಯ ಕಾರಖಾನೆಯಲ್ಲಿ ವಾಸ. ಅಲ್ಲಿ ಗಂಗೆಯ ದಡದಲ್ಲಿ ಕುಳಿತು ರಚಿಸಿದ ಕವಿತೆಗಳು ಕಲಕತ್ತೆಯ ಪತ್ರಿಕೆಯಲ್ಲಿ ಬೆಳಕು ಕಂಡು, ಅವರಿಗೆ ಕೀರ್ತಿಯನ್ನು ತಂದವು.

೧೮೧೭ರಲ್ಲಿ ನಗರದ ಹಿರಿಯರು ತಮ್ಮ ಮಕ್ಕಳಿಗೆ ಹೊಸ ವಿದ್ಯೆಯನ್ನು ಕಲಿಸುವುದಕ್ಕಾಗಿ ಹಿಂದೂ ಕಾಲೇಜನ್ನು ಸ್ಥಾಪಿಸಿದ್ದರು. ಹೆಸರು ಕಾಲೇಜೆಂದಿದ್ದರೂ ಅಲ್ಲಿ ಕಲಿಯುತ್ತಿದ್ದವರಲ್ಲಿ ಬಹುಮಂದಿ ಇಂದಿನ ಹೈಸ್ಕೂಲು ಹುಡುಗರ ವಯಸ್ಸಿನವರು. ೧೮೨೬ರಲ್ಲಿ ಡಿರೋಜಿಯೋ ಅವರು ಅಲ್ಲಿ ಇಂಗ್ಲಿಷ್ ಸಾಹಿತ್ಯಕ್ಕೂ ಚರಿತ್ರೆಗೂ ಅಧ್ಯಾಪಕರಾಗಿ ನಿಯಮಿತರಾದಾಗ ಅವರಿಗೆ ಹದಿನೇಳು ವರುಷ. ಶಿಷ್ಯರಲ್ಲಿ ಕೆಲವರು ಗುರುವಿಗಿಂತ ನಾಲ್ಕೈದು ವರುಷ ಮಾತ್ರ ಕಿರಿಯರು.

ಆ ಕಾಲದಲ್ಲಿ ಇಂಗ್ಲಿಷ್ ಕಲಿಯುವುದೆಂದರೆ ಶಬ್ದಗಳ ಪಟ್ಟಿಯನ್ನು ಬಾಯಿಪಾಠ ಮಾಡುವುದೆಂದೇ ಅನೇಕರ ಭಾವನೆಯಾಗಿದ್ದಿತು. ಹೆಚ್ಚು ಶಬ್ದಗಳನ್ನು ಬಲ್ಲವನೇ ಪಂಡಿತನು; ಅವುಗಳ ಹಿಂದಿನ ವಿಚಾರವನ್ನು ಕೇಳುವವರಿರಲಿಲ್ಲ. ಡಿರೋಜಿಯೋ ಅವರ ಪದ್ಧತಿಯೇ ಬೇರೆ. ಅವರಿಗೆ ಓದೆಂಬುದು ಗ್ರಂಥಕರ್ತನೊಡನೆ ನಡೆಯಿಸುವ ಸಂವಾದ. ಬರಹವೆಂಬುದು ತನ್ನ ಆಲೋಚನೆಯನ್ನು ತಾನೇ ಒರೆಗೆ ಹಚ್ಚುವ ಸಾಧನ. ಒಂದು ಮತವನ್ನು ಓದಿಸಿದರೆ ಅದರ ಪ್ರತಿಪಕ್ಷವನ್ನೂ ಓದಿಸುವರು. ಈಶ್ವರನ ಅಸ್ತಿತ್ವದಂತಹ ಗಹನವಾದ ವಿಷಯದಲ್ಲಿಯೂ ಎರಡು ಕಡೆಯ ವಾದಗಳನ್ನು ಮುಂದಿರಿಸುವರು. ನಿರ್ಣಯವನ್ನು ಶಿಷ್ಯರ ಬುದ್ಧಿಗೆ ಬಿಡುವರು. ಪಾಠದ ಗಂಟೆಗೆ ಮುಂಚೆಯೂ ಅನಂತರವೂ ಹುಡುಗರು ಅವರನ್ನು ಸುತ್ತುವರಿದಿರುತ್ತಿದ್ದರು. ಅವರ ಮನೆಯ ಬಾಗಿಲೂ ಶಿಷ್ಯರಿಗೆ ತೆರೆದೇ ಇರುತ್ತಿದ್ದಿತು. ೧೮೨೮ರ ಸುಮಾರಿಗೆ ಅಕಾಡೆಮಿಕ್ ಅಸೋಸಿಯೇಶನ್ ಎಂಬ ಚರ್ಚಾಗೋಷ್ಠಿಯು ಅವರ ಅಧ್ಯಕ್ಷತೆಯಲ್ಲಿ ನಡೆಯತೊಡಗಿತು. ಮಾಣಿಕತಲದ ತೋಟದ ಮನೆಯೊಂದರಲ್ಲಿ ಸೇರುತ್ತಿದ್ದ ಈ ಗೋಷ್ಠಿಯಲ್ಲಿ ದೈವ, ಪುರುಷಪ್ರಯತ್ನ, ದೇಶಭಕ್ತಿ, ಮೂರ್ತಿಪೂಜೆ ಮೊದಲಾದವುಗಳನ್ನು ಕುರಿತು ಹುಡುಗರು ನಿರ್ಭಯವಾಗಿ ವಾದಿಸುತ್ತಿದ್ದರು. ೧೮೩೦ರಲ್ಲಿ ಶಿಷ್ಯರು ತಾವೇ ಒಂದು ಇಂಗ್ಲಿಷ್ ಪತ್ರಿಕೆಯನ್ನು ಹೊರಡಿಸಿದರು. ಹಿರಿಯರ ಕೋಪಕ್ಕೆ ಗುರಿಯಾಗಿ ಅದು ಹುಟ್ಟಿದೊಡನೆಯೇ ನಿಂತಿತು.

ಪ್ರಶ್ನೆ ಕೇಳುವುದನ್ನು ಕಲಿತ ಮಕ್ಕಳು ಮನೆಯಲ್ಲಿಯೂ ಪ್ರಶ್ನಿಸಿದರು. ಕೆಲವರು ವಿವೇಕದ ಎಲ್ಲೆಯನ್ನು ಮೀರಿ, ಹಿರಿಯರು ಪವಿತ್ರವೆಂದು ನಂಬಿದುದನ್ನು ಹಾಸ್ಯ ಮಾಡಿ ನೋಯಿಸಿದುದೂ ಉಂಟು. ಅದನ್ನು ಮರೆಮಾಚುವುದು ಸತ್ಯಕ್ಕೆ ಒಪ್ಪದು. ತಂದೆತಾಯಿಗಳು ದಿಗಿಲುಗೊಂಡು ಮಕ್ಕಳನ್ನು ಶಾಲೆಯಿಂದ ಬಿಡಿಸತೊಡಗಿದರು. ಗುರುವು ನಾಸ್ತಿಕನೆಂದೂ, ಮಾತಾಪಿತೃಗಳಿಗೆ ವಿಧೇಯರಾಗಬೇಡಿರೆಂದು ಬೋಧಿಸುವನೆಂದೂ, ನಿಷಿದ್ಧ ವಿವಾಹವನ್ನು ಒಪ್ಪುವನೆಂದೂ ಅಪವಾದಗಳು ಹಬ್ಬಿದವು. ೧೮೩೧ನೆಯ ಏಪ್ರಿಲ್ ತಿಂಗಳಲ್ಲಿ ಆಡಳಿತ ಮಂಡಲಿಯು ಸಭೆ ಸೇರಿತು. ಅವರು ಅಧ್ಯಾಪಕತ್ವಕ್ಕೆ ಅನರ್ಹರೆಂದು ಬಹುಮತದಿಂದ ಸ್ಥಾಪಿತವಾಗಲಿಲ್ಲ. ಆದರೂ ಜನರ ಮನಸ್ಸು ಕಲಕಿರುವುದರಿಂದ ಅವರನ್ನು ಬಿಡಿಸುವುದೇ ಉಚಿತವೆಂದು ತೀರ್ಮಾನವಾಯಿತು. ಆಪಾದಿತನ ಮಾತನ್ನು ಯಾರೂ ಕೇಳಲಿಲ್ಲ. ಡಿರೋಜಿಯೋ ಅವರು ರಾಜೀನಾಮೆಯನ್ನಿತ್ತು, ವಿಲ್ಸನ್ ಪಂಡಿತರಿಗೆ ಬರೆದ ಪತ್ರದಲ್ಲಿ ಮೂರು ಅಪವಾದಗಳನ್ನೂ ಒಂದೊಂದಾಗಿ ನಿರಾಕರಿಸಿದರು. ಎರಡು ಪಕ್ಷಗಳನ್ನೂ ತಿಳಿಸುವುದು ಗುರುವಿನ ಧರ್ಮವೆಂಬ ನಿಲುವಿನಿಂದ ಮಾತ್ರ ಕದಲಲಿಲ್ಲ.

ಅನಂತರ ಅವರು ಈಸ್ಟ್ ಇಂಡಿಯನ್ ಎಂಬ ಪತ್ರಿಕೆಯನ್ನು ನಡೆಯಿಸುತ್ತ, ತಮ್ಮ ಮಿಶ್ರಕುಲದವರ ಹಕ್ಕುಗಳಿಗಾಗಿ ದುಡಿದರು. ಆದರೆ ಕಾಲವು ಅವರಿಗೆ ಅವಕಾಶವೀಯಲಿಲ್ಲ. ಅದೇ ವರುಷ ಡಿಸೆಂಬರಿನಲ್ಲಿ ವಾಂತಿಭೇದಿಯ ಬೇನೆ ತಗಲಿತು. ಶಾಲೆಯು ಕೈಬಿಟ್ಟ ಗುರುವನ್ನು ಶಿಷ್ಯರು ಕೈಬಿಡಲಿಲ್ಲ. ಹಾಸಿಗೆಯ ಬಳಿಯಲ್ಲಿದ್ದು ಶುಶ್ರೂಷೆ ಮಾಡಿದರು. ಡಿಸೆಂಬರ್ ೨೬ರಂದು ಅವರು ಇಹಲೋಕವನ್ನು ತ್ಯಜಿಸಿದರು. ಕಲಕತ್ತೆಯ ಸೌತ್ ಪಾರ್ಕ್ ಸ್ಟ್ರೀಟಿನ ಶ್ಮಶಾನದಲ್ಲಿ ಅವರ ಸಮಾಧಿಯಿದೆ.

ಬಿತ್ತಿದ ಬೀಜವು ವ್ಯರ್ಥವಾಗಲಿಲ್ಲ. ಶಿಷ್ಯರಲ್ಲಿ ರಾಮತನು ಲಾಹಿರಿಯವರು ಕೃಷ್ಣನಗರ ಮೊದಲಾದ ಊರುಗಳಲ್ಲಿ ಆದರ್ಶ ಶಿಕ್ಷಕರೆನಿಸಿದರು. ರಾಮಗೋಪಾಲ ಘೋಷರು ವಾಗ್ಮಿಗಳಾದರು. ಕೃಷ್ಣಮೋಹನ ಬಂದ್ಯೋಪಾಧ್ಯಾಯರು ಬಂಗಾಳಿಯಲ್ಲಿ ವಿಶ್ವಕೋಶವನ್ನು ರಚಿಸಿದರು. ರಾಧಾನಾಥ ಸಿಕ್ದಾರರು ಹಿಮಾಲಯದ ಅತ್ಯುನ್ನತ ಶಿಖರದ ಎತ್ತರವನ್ನು ಕಂಡುಹಿಡಿದ ಗಣನೆಯಲ್ಲಿ ಪ್ರಮುಖರಾದರು. ಇದೇ ರಾಧಾನಾಥರೂ ಪ್ಯಾರಿಚಾಂದ ಮಿತ್ರರೂ ಕೂಡಿ, ೧೮೫೪ರಲ್ಲಿ ಸ್ತ್ರೀಯರಿಗೂ ಸಾಮಾನ್ಯರಿಗೂ ತಿಳಿಯುವ ಸುಲಭ ಬಂಗಾಳಿಯಲ್ಲಿ ಒಂದು ಮಾಸಪತ್ರಿಕೆಯನ್ನು ಹೊರಡಿಸಿದರು. ಪರಭಾಷೆಯ ತರಗತಿಯಲ್ಲಿ ಹೊತ್ತಿದ ದೀಪವು ಹೀಗೆ ತಾಯ್ನುಡಿಯ ಮನೆಯನ್ನು ಬೆಳಗಿತು. ಡಿರೋಜಿಯೋ ಅವರ ಕಾಲದಲ್ಲಿ ಆ ವಿದ್ಯೆಯು ಬಹುಮಟ್ಟಿಗೆ ಗಂಡುಮಕ್ಕಳನ್ನು ದಾಟಿ ಹೋಗಿರಲಿಲ್ಲ. ಆ ಕೊರತೆಯನ್ನು ತುಂಬಲು ಮುಂದಾದವರು ಅವರ ಶಿಷ್ಯರೇ.

ಅಕ್ಷರವನ್ನು ಕಲಿಸುವವರು ಅನೇಕರು. ಅಕ್ಷರದ ಮೂಲಕ ಅರಿವನ್ನು ಎಚ್ಚರಿಸುವವರು ವಿರಳ. ಅರಿವಿನೊಡನೆ ವಿನಯವನ್ನೂ ಕೂಡಿಸಿ ಕಲಿಸುವುದು ಇನ್ನೂ ಕಠಿನ. ಆ ತರುಣ ಗುರುವು ಮೊದಲನೆಯದನ್ನು ಸಾಧಿಸಿದರು. ಎರಡನೆಯದನ್ನು ಸಾಧಿಸಲು ಬೇಕಾದ ಆಯುಷ್ಯವು ಅವರಿಗೆ ದೊರೆಯಲಿಲ್ಲ. ಆ ಉಳಿದ ಕಾರ್ಯವು ಜ್ಞಾನದಾಸೋಹದಲ್ಲಿ ತೊಡಗಿದ ಎಲ್ಲ ಶಾಲೆಗಳ, ಎಲ್ಲ ಗುರುಗಳ ಪಾಲಿಗೆ ಬಂದಿದೆ.