ದೇಶಬಂಧು ದಾಸರ ವಕೀಲಿ

ಮುಧೋಳ ಸೀಮೆಯವನಾದ ನನಗೆ ಚಿತ್ತರಂಜನ ದಾಸರ ಚರಿತ್ರೆಯನ್ನೋದುವಾಗಲೆಲ್ಲ ಹಲಗಲಿಯ ನೆನಪಾಗುತ್ತದೆ. 1857ರಲ್ಲಿ ಹತಾರಗಳನ್ನೊಪ್ಪಿಸಲೊಲ್ಲದೆ ಎದ್ದುನಿಂತ ಅಲ್ಲಿಯ ಬೇಡರನ್ನು ಆಂಗ್ಲರ ದಂಡು ಸದೆಬಡಿದು, ಸೆರೆಸಿಕ್ಕ ಹಲವರನ್ನು ಕೆಲವೇ ದಿನಗಳಲ್ಲಿ ಗಲ್ಲಿಗೇರಿಸಿತು. ಲಾವಣಿಕಾರರು ಅವರ ಹೆಸರನ್ನುಳಿಸಿದರು. ಕೊರಳನ್ನುಳಿಸುವ ಅವಕಾಶ ಯಾರಿಗೂ ದೊರೆಯಲಿಲ್ಲ.

ದಾಸರು ಹುಟ್ಟಿದ್ದು 1870ರಲ್ಲಿ, ಕಲಕತ್ತೆಯಲ್ಲಿ. ಐ.ಸಿ.ಎಸ್. ಪರೀಕ್ಷೆಗೆಂದು ವಿಲಾಯತಿಗೆ ಹೋಗಿ, ಅದು ಕೈಗೂಡದೆ ಬ್ಯಾರಿಸ್ಟರರಾಗಿ ಮರಳಿದರು. ತಂದೆಯ ಸಾಲದ ಹೊರೆಯಿಂದ ದಿವಾಳಿಯೆನಿಸಿಕೊಂಡರೂ, ಕಾಯಿದೆಯ ಒತ್ತಾಯವಿಲ್ಲದಾಗ ಮುಂದೆ ಅದನ್ನು ತೀರಿಸಿದರು. ಇದು ಅವರ ಸ್ವಭಾವ.

1908ರ ಏಪ್ರಿಲ್ 30ರಂದು ಮುಜಫ್ಫರಪುರದಲ್ಲಿ ಬಾಂಬು ಸಿಡಿಯಿತು. ಎರಡೇ ದಿನಗಳಲ್ಲಿ ಅರವಿಂದ ಘೋಷರು, ಅವರ ತಮ್ಮ ಬಾರೀಂದ್ರ ಮೊದಲಾದವರು ಬಂಧಿತರಾದರು. ಆಲೀಪುರದ ಆ ಖಟ್ಲೆಯಲ್ಲಿ 200ಕ್ಕೂ ಮಿಕ್ಕಿ ಸಾಕ್ಷಿಗಳು, ಸಾವಿರಾರು ಕಾಗದಪತ್ರಗಳು. ಸರಕಾರದ ಪರವಾಗಿ ಮದ್ರಾಸಿನ ಹೆಸರಾಂತ ನಾರ್ಟನ್. ಅರವಿಂದರ ನೆರವಿಗೆ ಕೂಡಿದ ಹಣ ಕರಗಿದ ಮೇಲೆ ಮುಂದೆ ಬಂದವರು ದಾಸರು. ಉಳಿದ ಕೆಲಸಗಳನ್ನೆಲ್ಲ ಬದಿಗಿಟ್ಟು ತಿಂಗಳುಗಟ್ಟಲೆ ಅದರಲ್ಲಿಯೇ ಮುಳುಗಿದರು.

ಅವರ ಕೊನೆಯ ವಾದವನ್ನು ಲೋಕವೆಲ್ಲ ಕೊಂಡಾಡುತ್ತದೆ. ನನಗಾದರೋ ಅದಕ್ಕಿಂತ ಹಿರಿದೆನಿಸುವುದು ಮಿಠಾಯಿಯ ಪತ್ರದ ವಿಮರ್ಶೆ. ಬಾರೀಂದ್ರ ಅಣ್ಣನಿಗೆ ಇಂಗ್ಲಿಷಿನಲ್ಲಿ ಬರೆದನೆನ್ನಲಾದ ಕಾಗದವದು. ಮಿಠಾಯಿಯೆಂದರೆ ಬಾಂಬೆಂದು ಸರಕಾರದ ಅರ್ಥ. ಬಂಗಾಲಿ ಮನೆಯ ತಮ್ಮನೊಬ್ಬ ಅಣ್ಣನನ್ನು ಆಂಗ್ಲರ ರೀತಿಯಲ್ಲಿ ಪ್ರಿಯ ಸಹೋದರನೆಂದು ಕರೆದಾನೆಯೇ, ಕೆಳಗೆ ತನ್ನ ಹೆಸರನ್ನು ಪೂರ್ತಿಯಾಗಿ ಬರೆದಾನೆಯೇ ಎಂಬುದು ದಾಸರ ಪ್ರಶ್ನೆ. ಕಾಯಿದೆ ಗ್ರಂಥದಲ್ಲಿ ಸಿಗದ ಈ ಮಾತನ್ನು ಅವರಿಗೆ ಕಲಿಸಿದ್ದು ಮನೆಯ ಪಡಸಾಲೆ. ನ್ಯಾಯಾಧೀಶ ಬೀಚ್‌ಕ್ರಾಫ್ಟ್ ಆ ಪತ್ರವನ್ನು ನೆಚ್ಚಲಿಲ್ಲ. ಮಾಫಿ ಸಾಕ್ಷಿದಾರ ನರೇನ್ ಗೋಸಾಯಿಯೋ ಪಾಟೀಸವಾಲಿಗೆ ಮುನ್ನವೇ ಸೆರೆಮನೆಯಲ್ಲಿ ಗುಂಡಿಗೆ ಬಲಿಯಾಗಿದ್ದ. ಅವನ ಹೇಳಿಕೆಯೂ ಅರವಿಂದರ ಮೇಲೆ ನಿಲ್ಲಲಿಲ್ಲ.

1909ರ ಮೇ 6ರಂದು ಅರವಿಂದರು ಬಿಡುಗಡೆ ಹೊಂದಿದರು. ಬಾರೀಂದ್ರ, ಉಲ್ಲಾಸಕರರಿಗೆ ಮರಣದಂಡನೆ. ಅಪೀಲಿನಲ್ಲಿ ಅದು ಕರಿನೀರಿನ ಶಿಕ್ಷೆಯಾಗಿ ಇಳಿಯಿತು. ಕೊರಳುಗಳಂತೂ ಉಳಿದವು. ದಾಸರು ಬಾಂಬಿನ ಮಾರ್ಗವನ್ನು ಒಪ್ಪಿದವರೆಂದು ಇದರಿಂದ ತಿಳಿಯಲಾಗದು. ಆರೋಪವನ್ನು ರುಜುಮಾಡುವ ಹೊಣೆ ಸರಕಾರದ್ದೆಂಬುದಷ್ಟೇ ಅವರ ಹಟ.

ಮುಂದಿನದು ಎಲ್ಲರೂ ಬಲ್ಲ ಕಥೆ. ಅಪಾರ ಗಳಿಕೆಯ ವಕೀಲಿಯನ್ನು ಅಸಹಕಾರದ ಕರೆಗೆ ಓಗೊಟ್ಟು ತೊರೆದರು. 1921ರಲ್ಲಿ ಸೆರೆಮನೆ ಕಂಡರು. ಮೋತಿಲಾಲ ನೆಹರೂರೊಡನೆ ಸ್ವರಾಜ್ಯ ಪಕ್ಷ ಕಟ್ಟಿದರು. ಗಾಂಧೀಜಿಯವರೊಡನೆ ಆ ಪಕ್ಷ ಮಾಡಿಕೊಂಡ ಒಪ್ಪಂದಕ್ಕೆ ಮುದ್ರೆ ಬಿದ್ದದ್ದು ನಮ್ಮ ನೆರೆಯ ಬೆಳಗಾವಿಯಲ್ಲಿ, 1924ರ ಡಿಸೆಂಬರಿನಲ್ಲಿ. ಆರು ತಿಂಗಳು ತುಂಬುವ ಮುನ್ನ, 1925ರ ಜೂನ್ 16ರಂದು, ದಾರ್ಜಿಲಿಂಗಿನಲ್ಲಿ ಅವರು ತೀರಿಕೊಂಡರು. ದೇಶಕ್ಕೆ ಕೊಟ್ಟುಬಿಟ್ಟಿದ್ದ ಅವರ ಕಲಕತ್ತೆಯ ಮನೆ ಸ್ತ್ರೀಯರ ಆಸ್ಪತ್ರೆಯಾಯಿತು.