ಬಿಯರ್ ಮನೆಯ ಹುಡುಗ ಮತ್ತು ಶಾಖದ ಲೆಕ್ಕ

ಪಿಯುಸಿಯಿಂದ ಇಲ್ಲಿಯವರೆಗೆ ಎಷ್ಟು ಉತ್ತರಗಳ ಕೊನೆಯಲ್ಲಿ 'ಜೂಲ್' ಎಂದು ಬರೆದಿದ್ದೇನೋ ಲೆಕ್ಕವಿಲ್ಲ. ಯೂನಿಟ್ ಬರೆಯದಿದ್ದರೆ ಮಾರ್ಕ್ಸ್ ಕಟ್ ಆಗುತ್ತದಲ್ಲ! ಈ ಸೆಮಿಸ್ಟರ್‌ನಲ್ಲಿ ಥರ್ಮೋಡೈನಾಮಿಕ್ಸ್ ಶುರುವಾದ ಮೇಲೆ ಆ ಹೆಸರಿನ ಮನುಷ್ಯನ ಬೆನ್ನು ಹತ್ತಿದೆ. ಆತನಿಗೆ ಬಿಇ ಬಿಡಿ, ಕಾಲೇಜಿನಲ್ಲಿ ಓದಿ ಪಡೆದ ಯಾವ ಡಿಗ್ರಿಯೂ ಇರಲಿಲ್ಲ. ಜೀವನದಲ್ಲಿ ಒಂದು ದಿನವೂ ಪ್ರೊಫೆಸರ್ ಆಗಿರಲಿಲ್ಲ.

ಜೇಮ್ಸ್ ಪ್ರೆಸ್ಕಾಟ್ ಜೂಲ್ ಹುಟ್ಟಿದ್ದು 1818ರ ಡಿಸೆಂಬರ್ 24ರಂದು, ಇಂಗ್ಲೆಂಡಿನ ಮ್ಯಾಂಚೆಸ್ಟರ್ ಪಕ್ಕದ ಸಾಲ್ಫರ್ಡ್‌ನಲ್ಲಿ. ಅಪ್ಪನದು ಬಿಯರ್ ತಯಾರಿಸುವ ದೊಡ್ಡ ಬ್ರೂವರಿ. ಹುಡುಗನ ಆರೋಗ್ಯ ಸೂಕ್ಷ್ಮವಾಗಿದ್ದರಿಂದ ಮನೆಯಲ್ಲೇ ಪಾಠ. ಆಮೇಲೆ ಅಣ್ಣನ ಜೊತೆ ಆತನನ್ನು ಟ್ಯೂಷನ್‌ಗೆ ಕಳಿಸಿದರು. ಟ್ಯೂಷನ್ ಮೇಷ್ಟ್ರು ಯಾರು ಗೊತ್ತೇ? ಪರಮಾಣು ಸಿದ್ಧಾಂತದ ಜಾನ್ ಡಾಲ್ಟನ್. ಹಾಗಾಗಿ ಇದನ್ನು ಬಡತನದಿಂದ ಮೇಲೆ ಬಂದವನ ಕಥೆ ಎಂದು ಓದಬೇಡಿ. ಪ್ರಯೋಗಕ್ಕೆ ಬೇಕಾದ ದುಡ್ಡು ಮನೆಯಲ್ಲೇ ಇತ್ತು. ಇಲ್ಲದಿದ್ದದ್ದು ಮಾತು ಕೇಳುವ ಕಿವಿಗಳು.

ಹತ್ತೊಂಬತ್ತನೇ ವಯಸ್ಸಿಗೆ ಆತನ ತಲೆ ಹೊಕ್ಕದ್ದು ಎಲೆಕ್ಟ್ರಿಕ್ ಮೋಟರ್. ಹಬೆಯಂತ್ರದ ಕೆಲಸವನ್ನು ಅದರಿಂದ ಮಾಡಿಸಬಹುದೇ ಎಂಬ ಯೋಚನೆ. ನಮ್ಮಲ್ಲಿ ಈಗ ಇವಿ ಬಗ್ಗೆ ಇರುವಂಥದ್ದೇ ಹುಚ್ಚು ಆಗ ಅಲ್ಲಿ ಮೋಟರ್ ಬಗ್ಗೆ ಇತ್ತು. ಆದರೆ ಜೂಲ್ ಬರೀ ಕನಸು ಕಾಣಲಿಲ್ಲ, ಅಳೆದ. ಬ್ಯಾಟರಿಯಲ್ಲಿ ಒಂದು ಪೌಂಡ್ ಸತು ಕರಗಿದಾಗ ಆಗುವ ಕೆಲಸದ ಐದು ಪಟ್ಟನ್ನು ಒಳ್ಳೆಯ ಹಬೆಯಂತ್ರ ಒಂದು ಪೌಂಡ್ ಕಲ್ಲಿದ್ದಲಿನಲ್ಲಿ ಮಾಡುತ್ತಿತ್ತು. ಸತುವಿನ ಬೆಲೆಯೂ ಜಾಸ್ತಿ. ಪ್ರಾಜೆಕ್ಟ್ ಅಲ್ಲಿಗೆ ಮುಗಿಯಿತು.

ನನಗೆ ಜೂಲ್ ಇಷ್ಟವಾಗುವುದು ಇಲ್ಲಿಂದ ಮುಂದೆ. ಮೋಟರ್ ಕೈಕೊಟ್ಟರೂ ಆ ಲೆಕ್ಕದ ಪುಸ್ತಕ ಮುಚ್ಚಲಿಲ್ಲ. ತಂತಿ ಬಿಸಿಯಾಗುವುದನ್ನು ಅಳೆದು, ಶಾಖವು ಕರೆಂಟಿನ ವರ್ಗಕ್ಕೂ ತಂತಿಯ ರೋಧಕ್ಕೂ ಅನುಪಾತದಲ್ಲಿರುತ್ತದೆ ಎಂದು 1840ರಲ್ಲಿ ತೋರಿಸಿದ. ಇಸ್ತ್ರಿಪೆಟ್ಟಿಗೆ, ಗೀಸರ್, ಫ್ಯೂಸ್ ಎಲ್ಲದರ ಹಿಂದಿರುವುದು ಈ ನಿಯಮವೇ. ರಾಯಲ್ ಸೊಸೈಟಿ ಅದರ ಸಾರಾಂಶವನ್ನಷ್ಟೇ ಅಚ್ಚು ಹಾಕಿತು.

ಆಗ ಅನೇಕರು ಶಾಖವೆಂದರೆ ಕಣ್ಣಿಗೆ ಕಾಣದ ಒಂದು ದ್ರವ, ಅದನ್ನು ಹುಟ್ಟಿಸಲೂ ಆಗದು, ನಾಶಮಾಡಲೂ ಆಗದು ಎಂದು ನಂಬಿದ್ದರು. ಜೂಲ್ ನೀರಿನೊಳಗೆ ತಂತಿಯ ಸುರುಳಿಯನ್ನು ಆಯಸ್ಕಾಂತದ ನಡುವೆ ತಿರುಗಿಸಿದ. ನೀರು ಬಿಸಿಯಾಯಿತು. ಎಲ್ಲಿಂದಲೂ ಶಾಖ ಹರಿದು ಬಂದಿರಲಿಲ್ಲ. ತಿರುಗಿಸಿದ ಕೆಲಸವೇ ಶಾಖವಾಗಿತ್ತು! 1843ರಲ್ಲಿ ಕಾರ್ಕ್ ಸಭೆಯಲ್ಲಿ ಇದನ್ನು ಹೇಳಿದಾಗ ಯಾರೂ ಕಿವಿಗೊಡಲಿಲ್ಲ. ಮರುವರ್ಷ ಗಾಳಿಯನ್ನು ಒತ್ತಿ ಮಾಡಿದ ಪ್ರಯೋಗದ ಪ್ರಬಂಧವನ್ನು ರಾಯಲ್ ಸೊಸೈಟಿ ತಿರಸ್ಕರಿಸಿತು.

ಆಮೇಲೆ ಬಂದದ್ದು ಪಠ್ಯಪುಸ್ತಕದ ಪ್ರಸಿದ್ಧ ಚಿತ್ರ. ನೀರು ತುಂಬಿದ ಪಾತ್ರೆಯೊಳಗೆ ಹಿತ್ತಾಳೆಯ ಹುಟ್ಟು, ಅದಕ್ಕೆ ದಾರ, ದಾರಕ್ಕೆ ಸೀಸದ ತೂಕ. ತೂಕ ಕೆಳಗಿಳಿದರೆ ಹುಟ್ಟು ನೀರನ್ನು ಕಡೆಯುತ್ತದೆ. ಚಿತ್ರ ನೋಡಿದರೆ ಸುಲಭ ಅನ್ನಿಸುತ್ತದೆ. ಅಂಕಿ ನೋಡಿ: ತಲಾ ಸುಮಾರು 13 ಕೆ.ಜಿ.ಯ ಎರಡು ತೂಕಗಳು 1.6 ಮೀಟರ್ ಎತ್ತರದಿಂದ 20 ಸಲ ಇಳಿದರೂ ನೀರಿನ ಉಷ್ಣತೆ ಏರುವುದು ಒಂದು ಡಿಗ್ರಿ ಸೆಲ್ಸಿಯಸ್‌ನ ಮೂರನೇ ಒಂದು ಭಾಗ ಮಾತ್ರ. ಪಕ್ಕದಲ್ಲಿ ನಿಂತವನ ಮೈಶಾಖವೇ ಲೆಕ್ಕ ಕೆಡಿಸಬಹುದು. ಅದಕ್ಕೇ ಆತ ಉಷ್ಣತೆ ಏರುಪೇರಾಗದ ನೆಲಮಾಳಿಗೆಯಲ್ಲಿ ಪ್ರಯೋಗ ಮಾಡಿದ, ಡಿಗ್ರಿ ಫ್ಯಾರನ್‌ಹೀಟ್‌ನ 200ನೇ ಒಂದು ಭಾಗವನ್ನು ಓದಬಲ್ಲೆ ಎಂದ. ಹಲವರು ನಂಬಲಿಲ್ಲ. ಬ್ರೂವರಿಯಲ್ಲಿ ಬೆಳೆದವನಿಗೆ ಥರ್ಮಾಮೀಟರ್ ಹಿಡಿಯುವುದು ಹೊಸದಲ್ಲ ಎಂಬುದು ಅವರಿಗೆ ಹೊಳೆದಿರಲಿಕ್ಕಿಲ್ಲ.

1847ರಲ್ಲಿ ಶಕ್ತಿ ಎಲ್ಲೂ ಕಳೆದುಹೋಗುವುದಿಲ್ಲ, ರೂಪ ಬದಲಿಸುತ್ತದೆ ಎಂಬ ತನ್ನ ವಿಚಾರವನ್ನು ಚರ್ಚೊಂದರ ವಾಚನಾಲಯದಲ್ಲಿ ಜನಸಾಮಾನ್ಯರ ಮುಂದಿಟ್ಟ. ಆ ಭಾಷಣ ಪೂರ್ತಿ ಅಚ್ಚಾದದ್ದು ವಿಜ್ಞಾನದ ಜರ್ನಲ್‌ನಲ್ಲಲ್ಲ, 'ಮ್ಯಾಂಚೆಸ್ಟರ್ ಕೊರಿಯರ್' ಎಂಬ ಊರಿನ ಪತ್ರಿಕೆಯಲ್ಲಿ. ಅಣ್ಣ ಅಲ್ಲಿ ಸಂಗೀತ ವಿಮರ್ಶಕನಾಗಿದ್ದ! ಅದೇ ಜೂನ್‌ನಲ್ಲಿ ಆಕ್ಸ್‌ಫರ್ಡ್ ಸಭೆಯಲ್ಲಿ ಅಧ್ಯಕ್ಷರು ಚುಟುಕಾಗಿ ಮುಗಿಸಲು ಹೇಳಿದರು. ಆದರೆ ಸಭೆಯಲ್ಲಿದ್ದ ವಿಲಿಯಂ ಥಾಮ್ಸನ್ ಎಂಬ ಯುವಕನಿಗೆ ವಿಷಯ ನಾಟಿತು. ತಕ್ಷಣ ಒಪ್ಪಲಿಲ್ಲ, ಆದರೆ ಬಿಡಲೂ ಇಲ್ಲ. ಮುಂದೆ ಲಾರ್ಡ್ ಕೆಲ್ವಿನ್ ಆದವನು ಈತನೇ. ಆ ಆಗಸ್ಟ್‌ನಲ್ಲಿ ಜೂಲ್ ಮದುವೆಯಾಗಿ ಆಲ್ಪ್ಸ್‌ಗೆ ಹನಿಮೂನ್‌ಗೆ ಹೋದಾಗಲೂ ಜಲಪಾತದ ನೀರು ಕೆಳಗೆ ಎಷ್ಟು ಬಿಸಿಯಾಗುತ್ತದೆಂದು ಅಳೆಯುವ ಯೋಚನೆಯಲ್ಲಿದ್ದನೆಂದು ಕೆಲ್ವಿನ್ ಆಮೇಲೆ ನೆನೆದಿದ್ದಾನೆ. ತುಂತುರಿನಿಂದ ಅದು ಕೈಗೂಡಲಿಲ್ಲ. ನಮ್ಮ ಜೋಗದ 253 ಮೀಟರ್‌ಗೆ ಲೆಕ್ಕ ಹಾಕಿದೆ, 0.6 ಡಿಗ್ರಿ ಸೆಲ್ಸಿಯಸ್ ಅಷ್ಟೇ ಬಂತು.

ಜರ್ಮನಿಯ ವೈದ್ಯ ರಾಬರ್ಟ್ ಮೇಯರ್ 1842ರಲ್ಲೇ ಇದೇ ವಿಚಾರ ಪ್ರಕಟಿಸಿದ್ದ. ಯಾರು ಮೊದಲು ಎಂಬ ಜಗಳದಲ್ಲಿ ಆತ ನೊಂದು ಕುಸಿದ. ಜೂಲ್‌ಗೆ ಸಿಕ್ಕಷ್ಟು ಸಮಾಧಾನದ ದಿನಗಳು ಮೇಯರ್‌ಗೆ ಸಿಗಲಿಲ್ಲ. ಇದು ನನಗೆ ಇಂದಿಗೂ ಚುಚ್ಚುವ ಸಂಗತಿ.

1850ರಲ್ಲಿ ಜೂಲ್‌ನನ್ನು ತಿರಸ್ಕರಿಸಿದ್ದ ರಾಯಲ್ ಸೊಸೈಟಿಯೇ ಸದಸ್ಯನನ್ನಾಗಿ ಮಾಡಿಕೊಂಡಿತು. 1854ರಲ್ಲಿ ಹೆಂಡತಿ ತೀರಿಕೊಂಡಳು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಬ್ರೂವರಿಯೂ ಮಾರಾಟವಾಯಿತು. ಕೆಲ್ವಿನ್ ಜೊತೆಗಿನ ಪ್ರಯೋಗಗಳು ಮುಂದುವರಿದವು. ಗಾಳಿಯನ್ನು ದ್ರವವಾಗಿಸುವ ಕಾರ್ಖಾನೆಗಳು ನಿಂತಿರುವುದು ಅವುಗಳ ಮೇಲೆ. ಕೊನೆಗಾಲದಲ್ಲಿ ಹಣ ಕರಗಿ, 1878ರಲ್ಲಿ ಸರ್ಕಾರ ವರ್ಷಕ್ಕೆ 200 ಪೌಂಡ್ ಪಿಂಚಣಿ ಕೊಟ್ಟಿತು.

1889ರ ಆಗಸ್ಟ್‌ನಲ್ಲಿ ಪ್ಯಾರಿಸ್‌ನ ವಿದ್ಯುತ್ ಸಮ್ಮೇಳನ ಶಕ್ತಿಯ ಮಾನಕ್ಕೆ ಜೂಲ್ ಎಂದು ಹೆಸರಿಟ್ಟಿತು. ಅಕ್ಟೋಬರ್ 11ರಂದು ಆತ ತೀರಿಕೊಂಡ. ಸೇಲ್ ಊರಿನ ಸಮಾಧಿಕಲ್ಲಿನ ಮೇಲೆ 772.55 ಎಂಬ ಸಂಖ್ಯೆ ಕೆತ್ತಿದ್ದಾರೆ. ಒಂದು ಪೌಂಡ್ ನೀರನ್ನು ಒಂದು ಡಿಗ್ರಿ ಫ್ಯಾರನ್‌ಹೀಟ್ ಬಿಸಿ ಮಾಡಲು ಬೇಕಾದ ಕೆಲಸ, ಫುಟ್-ಪೌಂಡ್‌ಗಳಲ್ಲಿ. 1878ರಲ್ಲಿ ಆತನ ಕೊನೆಯ ಅಳತೆ. ಈಗಿನ ಲೆಕ್ಕದಲ್ಲಿ ಅದು ಸುಮಾರು 778.